ಐದು ಅಕ್ಷದ ಕೋರ್ಸಿಗೆ ಹಣ ಕಟ್ಟುವ ಮುನ್ನ

ಪರೀಕ್ಷೆಗಳ ಫಲಿತಾಂಶ ಬಂದ ಕೂಡಲೇ ನಮ್ಮ ಕುಂಬಳೆ, ಬದಿಯಡ್ಕ, ಉಪ್ಪಳ ಪೇಟೆಗಳ ಗೋಡೆಗಳಿಗೆ ಜಾಹೀರಾತು ಹತ್ತುತ್ತವೆ. ಒಂದು ಕಾಲದಲ್ಲಿ ಗಲ್ಫ್ ವೀಸಾದ್ದು ಇರುತ್ತಿತ್ತು, ಆಮೇಲೆ ಕಂಪ್ಯೂಟರ್ ತರಗತಿಯದು ಬಂತು. ಈಗ ಹೊಸದೊಂದು ಸೇರಿದೆ: ಐದು ಅಕ್ಷದ ಸಿಎನ್‌ಸಿ ಪ್ರೋಗ್ರಾಮಿಂಗ್, ಮೂರೇ ತಿಂಗಳು, ಕೆಲಸ ಗ್ಯಾರಂಟಿ. ಎಲೆಚುಕ್ಕಿ ರೋಗ ಬಂದು ಫಸಲು ಇಳಿದ ತೋಟದವರು ಇಂಥದ್ದನ್ನು ಎರಡೆರಡು ಸಲ ಓದುತ್ತಾರೆ. ಉಳಿಸಿಟ್ಟ ಹಳೆ ಅಡಿಕೆ ಮಾರಿ ಮಗನ ಫೀಸು ಕಟ್ಟಬಹುದೋ ಎಂದು ಈ ವರ್ಷ ನನ್ನನ್ನೇ ಕೇಳಿದವರು ಮೂರು ಮಂದಿ.

ಕಬ್ಬಿಣ ಕೊರೆದವನಲ್ಲದ ನನ್ನನ್ನು ಕೇಳುವುದಕ್ಕೂ ಕಾರಣ ಉಂಟು. ನನ್ನ ಮನೆಮಾತು ತೆಲುಗು, ಹುಟ್ಟೂರು ಮಡಕಶಿರಾ ಕಡೆ. ಬದಿಯಡ್ಕ ಸಮೀಪ ಅಡಿಕೆ ತೋಟ ಮಾಡಿಕೊಂಡು, ಎರಡು ಭಾಷೆಯಲ್ಲೂ ನಾಲ್ಕು ಪದ್ಯ ಬರೆದುಕೊಂಡು ಇದ್ದೇನೆ. ನನ್ನ ಅಕ್ಕನ ಮಗ ಬೆಂಗಳೂರು ಪೀಣ್ಯದಲ್ಲಿ ಹನ್ನೆರಡು ವರ್ಷದಿಂದ ಇದೇ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುತ್ತಾನೆ. ರಜೆಯಲ್ಲಿ ಇಲ್ಲಿಗೆ ಬಂದಾಗ 'ಮಾವಯ್ಯಾ, ನಿನ್ನ ಪದ್ಯಕ್ಕಿಂತ ನನ್ನದೇ ಕಷ್ಟ. ನಿನ್ನದರಲ್ಲಿ ಒಂದು ಪದ ತಪ್ಪಿದರೆ ಯಾರ ಕೈಯೂ ಹೋಗುವುದಿಲ್ಲ' ಎಂದು ಕಿಚಾಯಿಸುತ್ತಾನೆ. ಅವನ ಜತೆ ಅಂಗಳದಲ್ಲಿ ಕೂತು ಕೇಳಿದ್ದು, ಪೀಣ್ಯಕ್ಕೆ ಹೋಗಿ ಕಣ್ಣಾರೆ ನೋಡಿದ್ದು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊರ ಸ್ಥಿತಿ ನೋಡೋಣ. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಹುಡುಗರಿಗೆ ಲೋಹದ ಕೆಲಸ ಕೊಡಬಲ್ಲ ದೊಡ್ಡ ಕಾರ್ಖಾನೆಗಳನ್ನು ಇಂದಿಗೂ ಒಂದೇ ಕೈಯ ಬೆರಳಲ್ಲಿ ಎಣಿಸಿ ಮುಗಿಸಬಹುದು. ಮೊಗ್ರಾಲ್ ಪುತ್ತೂರಿನ ಕೆಲ್ ಘಟಕ 2011ರಲ್ಲಿ ಬಿಎಚ್‌ಇಎಲ್ ಜತೆ ಸೇರಿತು, 2020ರ ಮಾರ್ಚಿನಲ್ಲಿ ಬಾಗಿಲು ಹಾಕಿತು, ಕೇರಳ ಸರಕಾರ ವಾಪಸು ಪಡೆದ ಮೇಲೆ 2022ರ ಏಪ್ರಿಲಿನಲ್ಲಿ ತೆರೆಯಿತು. ಸೀತಾಂಗೋಳಿಯಲ್ಲಿ 2012ರಲ್ಲಿ ಬಂದ ಎಚ್‌ಎಎಲ್ ಘಟಕದ್ದು ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸ. ಹೀಗಾಗಿ ಐಟಿಐ ಮುಗಿಸಿದವನು ಮಂಗಳೂರಿನ ಬೈಕಂಪಾಡಿ ದಾಟಿ ಪೀಣ್ಯದ ಬಸ್ಸು ಹಿಡಿಯುತ್ತಾನೆ. ಮಡಕಶಿರಾ, ಹಿಂದೂಪುರದ ಹುಡುಗರದೂ ಇದೇ ದಾರಿ. ಪೆನುಕೊಂಡದಲ್ಲಿ ಕಿಯಾ ಕಾರು ಕಾರ್ಖಾನೆ 2019ರಲ್ಲಿ ಶುರುವಾದ ಮೇಲೆ ಅವರಿಗೆ ಮನೆ ಹತ್ತಿರವೂ ಒಂದು ಬಾಗಿಲು ತೆರೆಯಿತು. ನಮಗೆ ಅದೂ ಇಲ್ಲ.

ಪೀಣ್ಯ ತಲುಪಿದವರಲ್ಲಿ ಎರಡು ಜಾತಿ. ಜಾಬು ಕಟ್ಟಿ ಬಟನ್ ಒತ್ತುವವನು ಆಪರೇಟರ್. ಟೂಲು ಯಾವ ದಾರಿಯಲ್ಲಿ ಹೋಗಬೇಕೆಂದು ಬರೆಯುವವನು ಪ್ರೋಗ್ರಾಮರ್. ಒಂದೇ ಐಟಿಐಯಿಂದ, ಒಂದೇ ಬೆಂಚಿನಿಂದ ಹೋದ ಇಬ್ಬರಲ್ಲಿ ಒಬ್ಬ ಹತ್ತು ವರ್ಷ ಬಟನ್ ಒತ್ತುತ್ತಲೇ ಉಳಿಯುತ್ತಾನೆ, ಇನ್ನೊಬ್ಬ ಮೂರನೇ ವರ್ಷಕ್ಕೆ ಮೇಜಿನ ಮುಂದೆ ಕೂರುತ್ತಾನೆ. ಗೋಡೆಯ ಜಾಹೀರಾತು ಮಾರುತ್ತಿರುವುದು ಆ ಮೇಜನ್ನು. ಮೂರು ತಿಂಗಳಲ್ಲಿ ಅದು ಸಿಗುತ್ತದೋ ಎಂಬುದೇ ಪ್ರಶ್ನೆ.

ಐದು ಅಕ್ಷ ಅಂದರೇನು

ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ: ಇವು ಮೂರು ಅಕ್ಷ, ಎಕ್ಸ್, ವೈ, ಝಡ್. ಇವುಗಳ ಸುತ್ತ ತಿರುಗುವುದಕ್ಕೆ ಕ್ರಮವಾಗಿ ಎ, ಬಿ, ಸಿ ಎಂದು ಹೆಸರು. ಆ ಮೂರರಲ್ಲಿ ಎರಡು ಸೇರಿದರೆ ಐದು ಅಕ್ಷ. ಟೂಲು ಜಾಬಿನ ನೆತ್ತಿಯಿಂದ ಮಾತ್ರವಲ್ಲ, ಓರೆಯಾಗಿಯೂ ಬಂದು ಕೊರೆಯುತ್ತದೆ.

ತಿರುಗುವುದು ಯಾರು ಎಂಬುದನ್ನು ಹುಡುಗರು ಮೊದಲು ತಿಳಿಯಬೇಕು. ಮೆಟ್ಟುಕತ್ತಿಯಲ್ಲಿ ಹಲಸು ಹೆಚ್ಚುವಾಗ ಕತ್ತಿ ನಿಂತಿರುತ್ತದೆ, ಹಲಸನ್ನು ತಿರುಗಿಸುತ್ತೇವೆ. ತೆಲುಗಿನಲ್ಲಿ ಇದೇ ಕತ್ತಿಪೀಟ. ಮರದ ಮೇಲೆ ಗೊನೆ ಕೊಯ್ಯುವಾಗ ಗೊನೆ ನಿಂತಿರುತ್ತದೆ, ಕತ್ತಿ ಹಿಡಿದ ಕೈ ತಿರುಗುತ್ತದೆ. ಯಂತ್ರಗಳಲ್ಲೂ ಟೇಬಲ್ ತಿರುಗುವವು, ಸ್ಪಿಂಡಲ್ ತಲೆಯೇ ತಿರುಗುವವು, ಎರಡೂ ಒಂದೊಂದು ತಿರುಗುವವು ಎಂದು ಬೇರೆ ಬೇರೆ ಉಂಟು. ಸಣ್ಣ ಜಾಬಿಗೆ ಟೇಬಲ್ ತಿರುಗುವುದು ಸರಿ. ಟನ್ನುಗಟ್ಟಲೆ ತೂಗುವುದನ್ನು ತಿರುಗಿಸುವ ಬದಲು ತಲೆ ತಿರುಗಿಸುವುದು ಸುಲಭ.

ಇದು ಯಾಕೆ ಮುಖ್ಯ ಎಂದರೆ, ಕಂಪ್ಯೂಟರಿನಲ್ಲಿ ಟೂಲಿನ ದಾರಿ ಹಾಕುವಾಗ ಅದು ಯಾವ ಯಂತ್ರದ್ದೂ ಅಲ್ಲ, ಬರೀ ದಾರಿ. ಅದನ್ನು ಇಂಥ ಯಂತ್ರಕ್ಕೆ ಎಂದು ಅನುವಾದ ಮಾಡುವ ತಂತ್ರಾಂಶಕ್ಕೆ ಪೋಸ್ಟ್ ಎನ್ನುತ್ತಾರೆ. ಎರಡು ಭಾಷೆ ಬಲ್ಲ ನಮಗೆ ಇದು ಬೇಗ ಹೊಳೆಯುತ್ತದೆ. ಕನ್ನಡದ 'ಚೆಪ್ಪು' ಬೇರೆ, ತೆಲುಗಿನ 'ಚೆಪ್ಪು' ಬೇರೆ. ಅಕ್ಷರ ಒಂದೇ ಎಂದು ಅಲ್ಲಿಯದನ್ನು ಇಲ್ಲಿಗೆ ಎತ್ತಿಟ್ಟರೆ 'ಹೇಳು' ಎಂದದ್ದು ಚಿಪ್ಪಾಗುತ್ತದೆ. ಪೀಣ್ಯದ ಒಂದು ಶೆಡ್ಡಿನಲ್ಲಿ (ಹೆಸರು ಬೇಡ) ಪಕ್ಕದ ಯಂತ್ರದ ಪೋಸ್ಟನ್ನೇ ಹೊಸ ಯಂತ್ರಕ್ಕೂ ಹಾಕಿದರು. ಟೂಲು ಇನ್ನೂ ಜಾಬಿನ ಒಳಗೆ ಇರುವಾಗಲೇ ಟೇಬಲ್ ತಿರುಗಿತು. ಸ್ಪಿಂಡಲ್ ಬದಲಿಸಬೇಕಾಯಿತು, ಪ್ರೋಗ್ರಾಮ್ ಹಾಕಿದ ಹುಡುಗ ಮರುದಿನ ಊರ ಬಸ್ಸು ಹತ್ತಿದ. ಪೋಸ್ಟ್ ಸಾಲ ತರುವ ವಸ್ತುವಲ್ಲ. ಯಂತ್ರದ ತಿರುಗುವ ಕೇಂದ್ರ ಎಲ್ಲಿದೆ, ಪ್ರತಿ ಅಕ್ಷ ಎಷ್ಟು ಡಿಗ್ರಿ ಹೋಗಬಲ್ಲದು, ಯಾವ ದಿಕ್ಕು ಕೂಡು, ಯಾವುದು ಕಳೆ, ಇಷ್ಟನ್ನೂ ಆಯಾ ಯಂತ್ರದಲ್ಲೇ ಅಳೆದು ಹಾಕಿದ್ದಾಗಿರಬೇಕು.

ಕೊರೆಯದ ದಾರಿಯೇ ದೊಡ್ಡದು

ಅಳಿಯ ಹೇಳುವ ಮಾತಿನಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಹೊಸಬರು ಟೂಲು ಲೋಹವನ್ನು ಕೊರೆಯುವ ಜಾಗವನ್ನೇ ನೋಡುತ್ತಾರೆ. ಅಪಘಾತ ಆಗುವುದು ಹೆಚ್ಚಾಗಿ ಕೊರೆಯದ ಜಾಗದಲ್ಲಿ, ಒಂದು ಕೊರೆತ ಮುಗಿದು ಇನ್ನೊಂದಕ್ಕೆ ಗಾಳಿಯಲ್ಲಿ ಹೋಗುವಾಗ. ಮೂರು ಅಕ್ಷದ ಯಂತ್ರದಲ್ಲಿ ಮೇಲೆತ್ತಿದರೆ ಮುಗಿಯಿತು. ಐದರಲ್ಲಿ ಟೇಬಲ್ ತಿರುಗಿದಾಗ ಜಾಬಿನ ಮೂಲೆ ಎಲ್ಲಿಗೋ ಏಳುತ್ತದೆ. ಹಾಗಾಗಿ ಅವನು ಹೊಸ ಹುಡುಗರಿಗೆ ಕೊಡುವ ಮೊದಲ ಕೆಲಸ: ಪ್ರೋಗ್ರಾಮ್ ಕೈಗೆ ಬಂದ ಮೇಲೆ ಎ, ಬಿ, ಸಿ ಬದಲಾಗಿ ಯಂತ್ರ ಹೊಸ ಓರೆಗೆ ಹೋಗುವ ಸಾಲುಗಳನ್ನೆಲ್ಲ ಹುಡುಕು. ಅದಕ್ಕೆ ಮುಂಚಿನ ಸಾಲಿನಲ್ಲಿ ಝಡ್ ಪೂರ್ತಿ ಮೇಲೆ ಹೋಗಿದೆಯೋ ನೋಡು. ಹೋಗಿಲ್ಲದಿದ್ದರೆ ಬಟನ್ ಮುಟ್ಟಬೇಡ.

ಕಂಪ್ಯೂಟರಿನಲ್ಲಿ ಅಣಕು ಓಟ ನೋಡುವುದು ಕಡ್ಡಾಯ. ಆದರೆ ಬರೀ ಟೂಲು ಮತ್ತು ಜಾಬು ತೋರಿಸುವ ಓಟದಿಂದ ಪ್ರಯೋಜನ ಕಡಿಮೆ. ಟೂಲು ಹಿಡಿಯುವ ಹೋಲ್ಡರ್, ಜಾಬು ಕಟ್ಟುವ ಫಿಕ್ಸ್ಚರ್, ಬೋಲ್ಟಿನ ತಲೆ, ಟೇಬಲ್, ಸ್ಪಿಂಡಲ್ ತಲೆ ಎಲ್ಲವೂ ಚಿತ್ರದಲ್ಲಿ ಇರಬೇಕು, ಅಳತೆ ನಿಜದ್ದಿರಬೇಕು. ಎಷ್ಟೋ ಡಿಕ್ಕಿಗಳು ಹೋಲ್ಡರಿನದೇ. ಜಾಬನ್ನು ಟೇಬಲ್ಲಿಗೆ ಅಂಟಿಸಿದಂತೆ ಕಟ್ಟಿದರೂ ಕಷ್ಟ, ಓರೆಯಾಗಿ ಬರುವಾಗ ತಲೆ ಟೇಬಲ್ಲಿಗೆ ಬಡಿಯುತ್ತದೆ. ಕೆಳಗೆ ಒಂದು ಪೀಠ ಕೊಟ್ಟು ಎತ್ತರಿಸಿ ಕಟ್ಟುವುದು ರೂಢಿ.

ಆಮೇಲೆ ಯಂತ್ರದಲ್ಲಿ ಒಣ ಓಟ. ಜಾಬಿಲ್ಲದೆ, ಅಥವಾ ಜಾಬಿಗಿಂತ ಸಾಕಷ್ಟು ಎತ್ತರದಲ್ಲಿ, ಸಿಂಗಲ್ ಬ್ಲಾಕ್ ಹಾಕಿ ಸಾಲು ಸಾಲಾಗಿ, ವೇಗದ ಗುಂಡಿ ಕೆಳಗಿಳಿಸಿ, ಒಂದು ಕೈ ನಿಲ್ಲಿಸುವ ಬಟನ್ ಮೇಲಿಟ್ಟು. ಮೊದಲ ಜಾಬು ದುಬಾರಿ ಲೋಹದಲ್ಲಿ ಬೇಡ. ಮೇಣ, ಪ್ಲಾಸ್ಟಿಕ್ ಅಥವಾ ಮರದ ತುಂಡು ಸಾಕು. ಅವಸರದ ಮಾಲಿಕರು ಇದಕ್ಕೆ ಗೊಣಗುತ್ತಾರಂತೆ. ಗೊಣಗಲಿ ಬಿಡಿ.

ದೋಟಿ ಬಲ್ಲವನಿಗೆ ಟೂಲು ಗೊತ್ತು

ಅಡಿಕೆಯವರಿಗೆ ದೋಟಿಯ ಪರಿಚಯ ಹೇಳಬೇಕಿಲ್ಲ. ಉದ್ದ ಹೆಚ್ಚಿದಷ್ಟೂ ತುದಿ ತೊನೆಯುತ್ತದೆ, ಗೊನೆಯ ಬುಡಕ್ಕೆ ಗುರಿ ಸಿಗುವುದಿಲ್ಲ. ಕೊರೆಯುವ ಟೂಲೂ ಹಾಗೇ. ಹೋಲ್ಡರಿನಿಂದ ಹೊರಚಾಚಿದ ಉದ್ದ ಎರಡರಷ್ಟಾದರೆ ಬಾಗುವುದು ಎಂಟರಷ್ಟು. ದಪ್ಪ ಅರ್ಧವಾದರೆ ಬಾಗುವುದು ಹದಿನಾರರಷ್ಟು. ಬಿದಿರಿನ ಬದಲು ಕಾರ್ಬನ್ ಫೈಬರ್ ದೋಟಿ ತಂದವರು ವ್ಯತ್ಯಾಸ ಕಂಡಿದ್ದಾರೆ. ಉಕ್ಕಿನ ಟೂಲಿನ ಬದಲು ಕಾರ್ಬೈಡ್ ಟೂಲು ಹಾಕಿದರೆ ಬಿಗಿತ ಸುಮಾರು ಮೂರರಷ್ಟು.

ಐದು ಅಕ್ಷದ ನಿಜವಾದ ಲಾಭ ಇಲ್ಲೇ ಇರುವುದು. ಆಳದ ಗುಂಡಿಯ ಗೋಡೆಯನ್ನು ಮೂರು ಅಕ್ಷದಲ್ಲಿ ಕೊರೆಯಲು ಉದ್ದದ ಟೂಲು ಬೇಕು. ಜಾಬನ್ನು ಓರೆ ಮಾಡಿದರೆ ಗಿಡ್ಡ ಟೂಲು ಸಾಕು. ಓರೆ ಮಾಡಿ, ಎರಡೂ ತಿರುಗುವ ಅಕ್ಷಗಳನ್ನು ಬಿಗಿದು ನಿಲ್ಲಿಸಿ, ಆಮೇಲೆ ಸಾಮಾನ್ಯ ಮೂರು ಅಕ್ಷದಂತೆ ಕೊರೆಯುವುದಕ್ಕೆ 'ಮೂರು ಪ್ಲಸ್ ಎರಡು' ಎನ್ನುತ್ತಾರೆ. ಫಾನುಕ್ ಕಂಟ್ರೋಲಿನಲ್ಲಿ ಜಿ 68.2, ಸೀಮೆನ್ಸಿನಲ್ಲಿ ಸೈಕಲ್ 800, ಹೈಡೆನ್‌ಹೈನಿನಲ್ಲಿ ಪ್ಲೇನ್ ಆಜ್ಞೆ ಇದಕ್ಕಾಗಿಯೇ ಇವೆ. ಶೆಡ್ಡಿನ ಕೆಲಸದ ಬಹುಪಾಲು ಇದರಲ್ಲೇ ಮುಗಿಯುತ್ತದೆ, ಅಕ್ಷ ಬಿಗಿದಿರುವುದರಿಂದ ಯಂತ್ರ ಗಟ್ಟಿಯಾಗಿಯೂ ನಿಲ್ಲುತ್ತದೆ. ಐದೂ ಅಕ್ಷ ಒಟ್ಟಿಗೆ ಕುಣಿಯುವುದು ಟರ್ಬೈನಿನ ಎಲೆ, ಇಂಪೆಲ್ಲರ್‌ನಂಥ ತಿರುಚಿದ ಆಕಾರಕ್ಕೆ. ಅಲ್ಲಿಯೂ ದಪ್ಪ ಕೊರೆತವನ್ನು ಮೂರು ಪ್ಲಸ್ ಎರಡರಲ್ಲಿ ಮುಗಿಸಿ, ನಯ ಮಾಡುವುದಕ್ಕೆ ಮಾತ್ರ ಐದನ್ನು ಬಿಡುತ್ತಾರೆ. ಮೊದಲ ದಿನವೇ ಐದೂ ಒಟ್ಟಿಗೆ ಓಡಿಸಿ ತೋರಿಸುವ ಕೋರ್ಸು ನನ್ನ ಲೆಕ್ಕದಲ್ಲಿ ಬಯಲಾಟವೇ ಸರಿ.

ಇನ್ನು ಗುಂಡು ತುದಿಯ ಟೂಲು. ಬೀಸುವ ಕಲ್ಲಿನ ಅಂಚು ಓಡುತ್ತದೆ, ನಡುಗೂಟ ಇದ್ದಲ್ಲೇ ಇರುತ್ತದೆ. ಹಾಗೆಯೇ ಗುಂಡು ಟೂಲಿನ ತೀರಾ ತುದಿಗೆ ವೇಗವೇ ಇಲ್ಲ. ನೇರ ನಿಲ್ಲಿಸಿ ಸಮತಟ್ಟು ಜಾಗ ಉಜ್ಜಿದರೆ ಕೊರೆಯುವುದರ ಬದಲು ತೀಡುತ್ತದೆ. ಹತ್ತು-ಹದಿನೈದು ಡಿಗ್ರಿ ಓರೆ ಕೊಟ್ಟರೆ ಪಕ್ಕದ ಅಂಚು ಕೆಲಸ ಮಾಡುತ್ತದೆ, ಮೈ ನಯವಾಗುತ್ತದೆ.

ಉಳುವಾಗ ಸಾಲಿಗೂ ಸಾಲಿಗೂ ನಡುವೆ ದಿಂಡು ಉಳಿಯುವಂತೆ ಇಲ್ಲೂ ಉಳಿಯುತ್ತದೆ. ಲೆಕ್ಕ ಸುಲಭ: ಸಾಲುಗಳ ಅಂತರವನ್ನು ಅದರಿಂದಲೇ ಗುಣಿಸಿ, ಟೂಲಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. ಹತ್ತು ಮಿಲಿಮೀಟರ್ ಗುಂಡು ಟೂಲಿಗೆ ತ್ರಿಜ್ಯ 5. ಅಂತರ 1 ಮಿ.ಮೀ. ಇಟ್ಟರೆ ದಿಂಡಿನ ಎತ್ತರ 0.025 ಮಿ.ಮೀ. ಅಂತರ ಅರ್ಧ ಮಾಡಿದರೆ ಎತ್ತರ ಸುಮಾರು 0.006ಕ್ಕೆ ಇಳಿಯುತ್ತದೆ, ಹೊತ್ತು ಮಾತ್ರ ಎರಡರಷ್ಟು. ಈ ಲೆಕ್ಕ ಮಾಡಲು ಎಸ್ಸೆಸ್ಸೆಲ್ಸಿ ಸಾಕು, ನಾನೇ ಮಾಡಿದ್ದೇನೆ.

ತಿರುಗುವಾಗಿನ ವೇಗದ್ದು ಇನ್ನೊಂದು ತೊಡಕು. ನಮ್ಮ ಮಡಕಶಿರಾ ಕಡೆ ಕಣದಲ್ಲಿ ಹಂತಿ ಹೊಡೆಯುವಾಗ ಮೇಟಿಯ ಪಕ್ಕದ ಎತ್ತು ಇಂಚಿಂಚು ನಡೆದರೆ, ಹೊರಗಿನದು ಓಡಬೇಕಿತ್ತು. ಟೇಬಲ್ ಒಂದು ಡಿಗ್ರಿ ತಿರುಗಿದಾಗಲೂ ಕೇಂದ್ರದ ಹತ್ತಿರದ ಜಾಬು ಸ್ವಲ್ಪ, ದೂರದ್ದು ಬಹಳ ಚಲಿಸುತ್ತದೆ. ಫೀಡನ್ನು ಬರೀ ನಿಮಿಷಕ್ಕಿಷ್ಟು ಎಂದು ಕೊಟ್ಟರೆ ಕೆಲವು ಯಂತ್ರಗಳು ಎಡವುತ್ತವೆ. ಅಂಥಲ್ಲಿ ಜಿ 93 ಹಾಕಿ, ಈ ಸಾಲನ್ನು ಇಷ್ಟು ಹೊತ್ತಿನಲ್ಲಿ ಮುಗಿಸು ಎಂದೇ ಹೇಳುತ್ತಾರೆ.

ಪೆನ್ನಿನ ತುದಿ ಮತ್ತು ವಿಮಾನ

ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು ಪೆನ್ನಿನ ತುದಿಯನ್ನು ಅದರ ಮೇಲೆ ಊರಿ. ತುದಿ ಜಾರದಂತೆ ಪೆನ್ನನ್ನು ನಾಲ್ಕೂ ಕಡೆ ಓರೆ ಮಾಡಿ. ತುದಿ ನಿಂತಿದೆ, ಕೈ ಊರೆಲ್ಲ ಓಡಾಡುತ್ತದೆ. ಟೂಲು ಓರೆಯಾದರೂ ತುದಿ ಹೇಳಿದ ಜಾಗದಲ್ಲೇ ಇರುವಂತೆ ಉಳಿದ ಅಕ್ಷಗಳನ್ನು ಯಂತ್ರವೇ ಸರಿಸಿಕೊಳ್ಳುವ ಸೌಲಭ್ಯಕ್ಕೆ ಆರ್‌ಟಿಸಿಪಿ ಎಂದು ಹೆಸರು. ಫಾನುಕ್‌ನಲ್ಲಿ ಜಿ 43.4, ಸೀಮೆನ್ಸಿನಲ್ಲಿ ಟ್ರಾಓರಿ, ಹೈಡೆನ್‌ಹೈನಿನಲ್ಲಿ ಎಂ 128. ಇದು ಇದ್ದರೆ ಜಾಬನ್ನು ಟೇಬಲ್ ಮೇಲೆ ಎಲ್ಲಿ ಕಟ್ಟಿದರೂ ಆಫ್‌ಸೆಟ್ ಬದಲಿಸಿದರೆ ಸಾಕು. ಇಲ್ಲದಿದ್ದರೆ ಜಾಬು ಒಂದು ಮಿಲಿಮೀಟರ್ ಸರಿದರೂ ಕಂಪ್ಯೂಟರಿಗೆ ವಾಪಸು ಹೋಗಿ ಪ್ರೋಗ್ರಾಮನ್ನು ಮತ್ತೆ ತೆಗೆಯಬೇಕು. ಅಗ್ಗದ ಯಂತ್ರ ಕೊಳ್ಳುವ ವ್ಯಾಪಾರಿಗಳೂ ಇದನ್ನು ಕೇಳಿಯೇ ಮುಂಗಡ ಕೊಡಬೇಕು. ಐದು ಅಕ್ಷ ಎಂದು ಬರೆದಿರುತ್ತದೆ, ಈ ಸೌಲಭ್ಯ ಮಾತ್ರ ಬೇರೆ ದರದ್ದಾಗಿರುತ್ತದೆ.

ಮಂಗಳೂರು ನಿಲ್ದಾಣಕ್ಕೆ ಇಳಿಯುವ ವಿಮಾನವನ್ನು ಅಂಗಳದಲ್ಲಿ ನಿಂತು ನೋಡಿ. ದೂರದಲ್ಲಿರುವಾಗ ನಿಧಾನ ಕತ್ತು ಎತ್ತುತ್ತೀರಿ. ಸರಿಯಾಗಿ ನೆತ್ತಿ ದಾಟಿದ ಕ್ಷಣ ಇಡೀ ಮೈಯನ್ನು ಹಿಂದಕ್ಕೆ ತಿರುಗಿಸಬೇಕು. ಟೂಲು ತಿರುಗುವ ಅಕ್ಷಕ್ಕೆ ಸರಿಯಾಗಿ ನೇರ ಬಂದಾಗ ಸಿ ಅಕ್ಷದ್ದೂ ಅದೇ ಗತಿ. ಕೂದಲೆಳೆಯ ಬದಲಾವಣೆಗೆ 180 ಡಿಗ್ರಿ ಗಿರಕಿ ಹೊಡೆಯುತ್ತದೆ, ಜಾಬಿನ ಮೇಲೆ ಗಾಯ ಬೀಳುತ್ತದೆ. ಜಾಬನ್ನು ಸ್ವಲ್ಪ ಓರೆ ಕಟ್ಟಿ, ಅಥವಾ ಟೂಲಿಗೆ ಒಂದೆರಡು ಡಿಗ್ರಿ ಓರೆ ಕೊಟ್ಟು ಆ ನೆತ್ತಿಯನ್ನು ತಪ್ಪಿಸುತ್ತಾರೆ. ಇದನ್ನು ಇಂಗ್ಲಿಷ್ ಪುಸ್ತಕದಲ್ಲಿ ಆರು ತಿಂಗಳು ಓದಿ ಅರ್ಥವಾಗದ ಹುಡುಗನಿಗೆ ಅಳಿಯ ತೆಲುಗು-ಕನ್ನಡ ಬೆರೆಸಿ ಚಹಾ ಕುಡಿಯುವಷ್ಟರಲ್ಲಿ ಹೇಳಿಕೊಟ್ಟನಂತೆ. ಪರದೆಯ ಮೇಲಿನ ಪದ ಇಂಗ್ಲಿಷಿನಲ್ಲೇ ಇರಲಿ, ಅವು ಕಲಿತರೆ ಮುಗಿಯುವಷ್ಟೇ. ಲೋಹ ಎಲ್ಲಿ, ತಲೆ ಎಲ್ಲಿ, ಯಾವುದು ಯಾವುದಕ್ಕೆ ಬಡಿಯುತ್ತದೆ ಎಂಬ ಕಲ್ಪನೆ ಮನೆಮಾತಿನಲ್ಲೇ ಬೇಗ ಕೂರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಈ ಕೆಲಸಕ್ಕೆ ಹಿಂದೇಟು ಹಾಕಬೇಕಾಗಿಲ್ಲ.

ಈ ವಿದ್ಯೆಯ ಬೆಲೆ ಎಂಥದ್ದೆಂದು ಹಿರಿಯರಿಗೆ ನೆನಪಿರಬಹುದು. ಜಪಾನಿನ ತೋಷಿಬಾ ಮೆಷಿನ್ ಕಂಪೆನಿ ಬಹು ಅಕ್ಷದ ಯಂತ್ರಗಳನ್ನೂ ನಾರ್ವೆಯ ಕೋಂಗ್ಸ್‌ಬರ್ಗ್ ಅವುಗಳ ಕಂಟ್ರೋಲನ್ನೂ ಸೋವಿಯತ್ ದೇಶಕ್ಕೆ ಗುಟ್ಟಾಗಿ ಮಾರಿದ್ದು 1987ರಲ್ಲಿ ಬಯಲಾಯಿತು. ಸಬ್‌ಮೆರೀನಿನ ಪ್ರೊಪೆಲ್ಲರ್ ಸದ್ದಿಲ್ಲದಂತೆ ಕೊರೆಯಲು ಅದು ಬಳಕೆಯಾಯಿತೆಂದು ಅಮೆರಿಕದ ಸಂಸದರು ತಮ್ಮ ಸಂಸತ್ತಿನ ಅಂಗಳದಲ್ಲೇ ತೋಷಿಬಾ ರೇಡಿಯೋವನ್ನು ಸುತ್ತಿಗೆಯಿಂದ ಒಡೆದರು. ಇಂದು ಇಂಥ ಯಂತ್ರಗಳನ್ನು ಬೆಂಗಳೂರಿನ ಬಿಎಫ್‌ಡಬ್ಲ್ಯು, ರಾಜಕೋಟದ ಜ್ಯೋತಿ ಕಂಪೆನಿಗಳೇ ತಯಾರಿಸುತ್ತವೆ. ಯಂತ್ರ ಸಿಗುತ್ತದೆ, ದಾರಿ ಬರೆಯುವವರು ಬೇಕು.

ಹಾಳೆ ತಟ್ಟೆಯವರಿಗೆ ಒಂದು ಮಾತು

ನೀರ್ಚಾಲು ಕಡೆಯ ಹಾಳೆ ತಟ್ಟೆ ಘಟಕದ ಪರಿಚಯಸ್ಥರೊಬ್ಬರು ಹೊಸ ಅಚ್ಚು ಮಾಡಿಸಲು ಹೋದಾಗ 'ಐದು ಅಕ್ಷದಲ್ಲಿ ಮಾಡಿದ್ದು' ಎಂದು ಹೆಚ್ಚಿನ ದರ ಹೇಳಿದರಂತೆ. ತಟ್ಟೆ, ದೊನ್ನೆಗೆ ಅದು ಬೇಡ. ಒತ್ತಿದ ತಟ್ಟೆ ಅಚ್ಚಿನಿಂದ ಸಲೀಸಾಗಿ ಏಳಬೇಕಾದ್ದರಿಂದ ಗೋಡೆ ಹೊರಕ್ಕೆ ಓರೆಯಾಗಿಯೇ ಇರುತ್ತದೆ, ಆಳವೂ ಕಡಿಮೆ. ಮೇಲಿನಿಂದ ನೋಡಿದರೆ ಅಚ್ಚಿನ ಮೈಯೆಲ್ಲ ಕಾಣುತ್ತದಲ್ಲ, ಕಂಡದ್ದನ್ನೆಲ್ಲ ಮೂರು ಅಕ್ಷ ಕೊರೆಯುತ್ತದೆ. 0.025ರ ದಿಂಡು ಉಳಿದರೆ ಕೈಯಲ್ಲಿ ಪಾಲಿಶ್ ಮಾಡಿಸಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಾಳೆ ತಟ್ಟೆಗೆ ತಡೆ ಒಡ್ಡಿದ ಮೇಲೆ ರಫ್ತು ನಂಬಿದವರ ಕೈ ಮೊದಲೇ ಕಟ್ಟಿದೆ. ಅಚ್ಚಿಗೆ ಸುಮ್ಮನೆ ಹಣ ಸುರಿಯುವ ಕಾಲ ಇದಲ್ಲ.

ಎಲ್ಲಿ ಕಲಿಯುವುದು

ಕರ್ನಾಟಕ ಸರಕಾರ ಟಾಟಾ ಟೆಕ್ನಾಲಜೀಸ್ ಜತೆ ಸೇರಿ 150 ಸರಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೇರಿಸಿತು. 2022ರ ಜೂನ್ 20ರಂದು ಪ್ರಧಾನಿ ಅದನ್ನು ಬೆಂಗಳೂರಿನಲ್ಲಿ ಉದ್ಘಾಟಿಸಿದರು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರಕಾರಿ ಟೂಲ್ ರೂಮ್ ತರಬೇತಿ ಕೇಂದ್ರದ ಶಾಖೆ ಬೈಕಂಪಾಡಿಯಲ್ಲೇ ಉಂಟು, ಜಿಟಿಟಿಸಿ ಎಂದರೆ ಯಾರೂ ತೋರಿಸುತ್ತಾರೆ. ದಕ್ಷಿಣಕ್ಕೆ ಹೋದರೆ ತಲಶ್ಶೇರಿಯ ನೆಟ್ಟೂರು. ಸ್ವಿಸ್ ನೆರವಿನಿಂದ 1959ರಲ್ಲಿ ಅಲ್ಲಿ ಹುಟ್ಟಿದ ಎನ್‌ಟಿಟಿಎಫ್ ಈಗ ಪೀಣ್ಯದಲ್ಲೂ ಬೇರು ಬಿಟ್ಟಿದೆ. ಮೂರು ತಿಂಗಳ ಗೋಡೆ ಕೋರ್ಸಿಗೆ ಹಣ ಕಟ್ಟುವ ಮುನ್ನ ಇವುಗಳ ಬಾಗಿಲು ತಟ್ಟಿ ಬನ್ನಿ. ಗಡಿನಾಡಿನವರಿಗೆ ಪ್ರವೇಶ ಹೇಗೆ, ಯಾವ ದಾಖಲೆ ಬೇಕು ಎಂದು ಕಚೇರಿಯಲ್ಲೇ ಕೇಳಿ, ದಲ್ಲಾಳಿಗಳ ಬಾಯಲ್ಲಿ ಅಲ್ಲ.

ಖಾಸಗಿ ಕೋರ್ಸೇ ಬೇಕೆಂದಿದ್ದರೆ ಹುಡುಗನನ್ನು ಕರೆದುಕೊಂಡು ಹೋಗಿ ಕೆಲವು ಪ್ರಶ್ನೆ ಹಾಕಿ. ಯಂತ್ರ ಉಂಟೋ, ಬರೀ ಕಂಪ್ಯೂಟರೋ? ಇದ್ದರೆ ವಿದ್ಯಾರ್ಥಿಯ ಕೈಗೆ ವಾರಕ್ಕೆ ಎಷ್ಟು ಗಂಟೆ? ಅದರಲ್ಲಿ ಆರ್‌ಟಿಸಿಪಿ ಉಂಟೋ? ಪೋಸ್ಟ್ ಯಾವ ಯಂತ್ರದ್ದು? ಮೂರು ಅಕ್ಷವನ್ನು ಎಷ್ಟು ವಾರ ಕಲಿಸುತ್ತಾರೆ? ಕೊನೆಯದಕ್ಕೆ ಎರಡು ವಾರ ಎಂಬ ಉತ್ತರ ಬಂದರೆ ಎದ್ದು ಬರುವುದು ಒಳ್ಳೆಯದು. ಮನೆಯಲ್ಲೇ ಅಭ್ಯಾಸ ಮಾಡುತ್ತೇನೆ ಎನ್ನುವವನಿಗೂ ಒಂದು ವಿಷಯ ತಿಳಿದಿರಲಿ. ಆಟೋಡೆಸ್ಕ್ ಫ್ಯೂಷನ್ನಿನ ಉಚಿತ ಮನೆಬಳಕೆ ಪರವಾನಗಿಯಿಂದ 2020ರ ಅಕ್ಟೋಬರಿನಲ್ಲಿ ಬಹು ಅಕ್ಷದ ಕೆಲಸವನ್ನು ತೆಗೆದರು. ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗಳಿಗೆ ಶಿಕ್ಷಣ ಪರವಾನಗಿ ಬೇರೆ ಇದೆ, ಅದನ್ನು ಓದು ಮುಗಿಯುವ ಮೊದಲೇ ಪಡೆದು ಬಳಸಿಕೊಳ್ಳಬೇಕು.

ಇನ್ನೊಂದು ಕೇಳಲು ಮರೆಯಬೇಡಿ: ಇಲ್ಲಿ ಮುರಿದ ಟೂಲುಗಳನ್ನು ಎಲ್ಲಿ ಇಟ್ಟಿದ್ದೀರಿ? ಯಂತ್ರ ನಿಜವಾಗಿ ಓಡಿದ ಕಡೆ ಒಂದು ಡಬ್ಬಿ ತುಂಬ ಇರುತ್ತವೆ, ಮಾಸ್ತರರು ಪ್ರತಿಯೊಂದರ ಕಥೆಯನ್ನೂ ಹೇಳುತ್ತಾರೆ. ಡಬ್ಬಿ ನೋಡಿದ ಮೇಲೆ ಫೀಸನ್ನು ಎರಡು ಕಂತಿನಲ್ಲಿ ಕೊಡಿ, ಎರಡನೆಯದನ್ನು ಹುಡುಗ ತಾನೇ ಬರೆದ ಮೂರು ಪ್ಲಸ್ ಎರಡರ ಜಾಬೊಂದನ್ನು ಮನೆಗೆ ತಂದು ತೋರಿಸಿದ ಮೇಲೆ.